ಮುಂದೂಡಿದ ಖರ್ಚು, ಬೆಳೆದ ಪಾಚಿ

ಮನೆಯಲ್ಲಿ ಇಟ್ಟುಕೊಳ್ಳುವ ಹವಳದ ತೊಟ್ಟಿ, ಅಂದರೆ ಉಪ್ಪುನೀರಿನಲ್ಲಿ ಹವಳದ ಬಳಗದ ಜೀವಿಗಳನ್ನೂ ಕೆಲವೇ ಮೀನುಗಳನ್ನೂ ಸಾಕುವ ಗಾಜಿನ ಅಕ್ವೇರಿಯಂ, ಕೊಳ್ಳುವ ಬೆಲೆಗಿಂತ ನಡೆಸುವ ವೆಚ್ಚವೇ ಹೆಚ್ಚಾಗಿರುವ ಹವ್ಯಾಸಗಳ ಸಾಲಿಗೆ ಸೇರುತ್ತದೆ. ಇಂಥ ಹವ್ಯಾಸಗಳಲ್ಲಿ ಉಳಿತಾಯವೆಂದು ಬರೆದುಕೊಂಡ ಮೊತ್ತವು ಅನೇಕ ವೇಳೆ ಉಳಿತಾಯವಾಗಿರದೆ ಮುಂದಕ್ಕೆ ತಳ್ಳಿದ ಖರ್ಚಾಗಿರುತ್ತದೆ. ಹಾಗೆ ತಳ್ಳಿದ್ದರಿಂದ ದಕ್ಕುವುದು ಆ ಮೊತ್ತದ ಮೇಲಿನ ಕೆಲವು ತಿಂಗಳ ಬಡ್ಡಿ ಮಾತ್ರ. ಈ ಅಂಕಣದ ಲೇಖಕನು ಬೆಂಗಳೂರಿನ ಫ್ಲ್ಯಾಟಿನಲ್ಲಿದ್ದ ತನ್ನ ತೊಟ್ಟಿಯನ್ನು ಪಾಚಿಗೆ ಒಪ್ಪಿಸಿ, ಎಂಟು ತಿಂಗಳ ತರುವಾಯ ಬುಡದಿಂದ ಕಟ್ಟಬೇಕಾಗಿ ಬಂದ ಪ್ರಸಂಗದ ಲೆಕ್ಕವು ಈ ಮಾತನ್ನು ರೂಪಾಯಿಗಳಲ್ಲಿ ತೋರಿಸುತ್ತದೆ.

ತಪ್ಪು ನಡೆದದ್ದು ಅಂದಾಜು ಪಟ್ಟಿಯಲ್ಲಿಯೇ. ಗಾಜಿನ ತೊಟ್ಟಿಗೆ 6,000 ರೂಪಾಯಿ ಬರೆಯಲಾಗಿತ್ತು; ದೀಪ, ಪಂಪು, ಉಪ್ಪು ಇವುಗಳಿಗೂ ಒಂದೊಂದು ಸಾಲು ಇತ್ತು; ನೀರಿನ ಮುಂದೆ ಮಾತ್ರ ಸೊನ್ನೆ ಇತ್ತು, ಏಕೆಂದರೆ ನೀರು ಮನೆಯಲ್ಲಿಯೇ ಇತ್ತು. ಹವಳದ ತೊಟ್ಟಿಗೆ ಬೇಕಾದ ನೀರನ್ನು ತಯಾರಿಸುವ ಘಟಕವು ಎರಡು ಹಂತಗಳಲ್ಲಿ ಕೆಲಸ ಮಾಡುತ್ತದೆ: ಮೊದಲು ಆರ್‌ಒ ಪೊರೆಯು ನೀರಿನಲ್ಲಿ ಕರಗಿದ ಲವಣಗಳ ಬಹುಭಾಗವನ್ನು ತಡೆಯುತ್ತದೆ, ಆಮೇಲೆ ಡಿಐ ರೆಸಿನ್ ಎಂಬ ಸಣ್ಣ ಮಣಿಗಳ ಕೊಳವೆಯು ಉಳಿದದ್ದನ್ನು ಹೀರಿಕೊಂಡು, ಕರಗಿದ ಘನವಸ್ತುವನ್ನು ಅಳೆಯುವ ಟಿಡಿಎಸ್ ಮೀಟರು ಸೊನ್ನೆ ತೋರಿಸುವಷ್ಟು ನೀರನ್ನು ಬರಿದು ಮಾಡುತ್ತದೆ. ಇದರ ಬೆಲೆ 14,000 ರೂಪಾಯಿ, ಅಂದರೆ ತೊಟ್ಟಿಯ ಬೆಲೆಯ ಎರಡು ಪಟ್ಟಿಗೂ ಹೆಚ್ಚು. ಮೂಗಿಗಿಂತ ಮೂಗುತಿ ಭಾರವೆಂದು ಲೇಖಕನು ಅದನ್ನು ಕೈಬಿಟ್ಟು, ಅಡುಗೆಮನೆಯ ಆರ್‌ಒ ಯಂತ್ರದ ನೀರೇ ಸಾಕೆಂದು ತೀರ್ಮಾನಿಸಿದನು.

ಕುಡಿಯುವ ನೀರಿನ ಯಂತ್ರದ ಉದ್ದೇಶ ಬೇರೆ. ನೀರು ಸಪ್ಪೆಯಾಗದಿರಲೆಂದು ಅಂಥ ಯಂತ್ರಗಳಲ್ಲಿ ಅನೇಕವು ಶುದ್ಧೀಕರಿಸಿದ ನೀರಿಗೆ ಪೊರೆಯನ್ನು ಹಾಯದ ನೀರನ್ನು ಸ್ವಲ್ಪ ಬೆರೆಸುತ್ತವೆ. ಆ ಬೆರಕೆಯ ಪ್ರಮಾಣವನ್ನು ಹಿಡಿತದಲ್ಲಿಡುವ ಸಣ್ಣ ತಿರುಪಿಗೆ ಟಿಡಿಎಸ್ ಕಂಟ್ರೋಲರ್ ಎಂದು ಹೆಸರು. ಟ್ಯಾಂಕರು ಮತ್ತು ಕೊಳವೆಬಾವಿಯ ನೀರು ಹರಿಯುವ ಕಟ್ಟಡದಲ್ಲಿ ಈ ತಿರುಪಿನ ಮೂಲಕ ಲವಣದ ಜೊತೆಗೆ ನೈಟ್ರೇಟೂ ನುಸುಳುತ್ತದೆ. ಲೇಖಕನ ಮನೆಯ ಶುದ್ಧ ನೀರಿನಲ್ಲಿ ಟಿಡಿಎಸ್ 70 ಇತ್ತು, ನೈಟ್ರೇಟ್ ಲೀಟರಿಗೆ 10 ಮಿಲಿಗ್ರಾಂ ಇತ್ತು. ಕುಡಿಯುವ ನೀರಿಗೆ ಭಾರತೀಯ ಮಾನಕವು 45 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಆದುದರಿಂದ ಮನುಷ್ಯನಿಗೆ ಅದು ಒಳ್ಳೆಯ ನೀರೇ. ಹವಳದ ತೊಟ್ಟಿಗೆ ಅದು ದಿನವೂ ಬೀಳುವ ಗೊಬ್ಬರ.

ದಿನವೂ ಎಂಬುದನ್ನು ಇಲ್ಲಿ ಅಕ್ಷರಶಃ ತೆಗೆದುಕೊಳ್ಳಬೇಕು, ಏಕೆಂದರೆ ತೊಟ್ಟಿಯಿಂದ ನೀರು ಆವಿಯಾಗುವಾಗ ಅದರಲ್ಲಿ ಕರಗಿದ್ದ ಯಾವ ಲವಣವೂ ಆವಿಯ ಜೊತೆ ಹೋಗುವುದಿಲ್ಲ. ತೊಟ್ಟಿಯಲ್ಲಿದ್ದದ್ದು 100 ಲೀಟರ್ ನೀರು. ದಿನಕ್ಕೆ ಒಂದೂವರೆ ಲೀಟರ್ ಆರುತ್ತಿದ್ದುದರಿಂದ ತಿಂಗಳಿಗೆ 45 ಲೀಟರ್ ತುಂಬಬೇಕಾಗುತ್ತಿತ್ತು. ಅದರೊಂದಿಗೆ 450 ಮಿಲಿಗ್ರಾಂ ನೈಟ್ರೇಟ್ ಒಳಬರುತ್ತಿತ್ತು. ಇದನ್ನು ತೆಗೆಯಲೆಂದು ವಾರಕ್ಕೆ 10 ಲೀಟರಿನಂತೆ ತಿಂಗಳಿಗೆ 40 ಲೀಟರ್ ಹಳೆಯ ನೀರನ್ನು ಚೆಲ್ಲಿ ಹೊಸ ಉಪ್ಪುನೀರನ್ನು ಹಾಕಲಾಗುತ್ತಿತ್ತು. ಆ ಉಪ್ಪುನೀರನ್ನೂ ಅದೇ ಯಂತ್ರದ ನೀರಿನಿಂದ ಕಲಸುತ್ತಿದ್ದುದರಿಂದ ಅದು ಇನ್ನೂ 400 ಮಿಲಿಗ್ರಾಂ ತರುತ್ತಿತ್ತು. ಹೀಗೆ ತಿಂಗಳ ಒಟ್ಟು ಆವಕ 850 ಮಿಲಿಗ್ರಾಂ, ಜಾವಕದ ದಾರಿ ಚೆಲ್ಲುವ 40 ಲೀಟರ್ ಒಂದೇ. ಆವಕವೂ ಜಾವಕವೂ ಸಮನಾಗಬೇಕಾದರೆ ಚೆಲ್ಲುವ ಪ್ರತಿ ಲೀಟರಿನಲ್ಲಿ 850ನ್ನು 40ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 21 ಮಿಲಿಗ್ರಾಂ ನೈಟ್ರೇಟ್ ಇರಬೇಕು. ಮೀನಿಗೆ ಒಂದು ಕಾಳು ಆಹಾರ ಹಾಕದಿದ್ದರೂ, ವಾರವಾರವೂ ತಪ್ಪದೆ ನೀರು ಬದಲಿಸಿದರೂ, ಆ ತೊಟ್ಟಿಯ ನೀರು ಕಾಲಕ್ರಮದಲ್ಲಿ ಬಂದು ನಿಲ್ಲುವುದು ಆ ಅಂಕಿಯಲ್ಲಿಯೇ. ಲೀಟರಿಗೆ 38 ಗ್ರಾಂ, ಕೆ.ಜಿ.ಗೆ 450 ರೂಪಾಯಿಯಂತೆ ಉಪ್ಪಿಗೆ ತಿಂಗಳಿಗೆ 684 ರೂಪಾಯಿ ಕೊಟ್ಟು ಕೊಂಡದ್ದು ಈ ಭಾಗ್ಯವನ್ನು.

ಲೇಖಕನು ಇದನ್ನು ಎಂಟು ತಿಂಗಳು ಗಮನಿಸದೆ ಹೋದದ್ದಕ್ಕೆ ಕಾರಣ ಪರೀಕ್ಷೆಯ ಕಿಟ್ಟು ತೋರಿಸುತ್ತಿದ್ದ ಅಂಕಿ. ತೊಟ್ಟಿಯ ನೀರಿನಲ್ಲಿ ಅದು 5 ಮಿಲಿಗ್ರಾಂ ಮಾತ್ರ ತೋರಿಸುತ್ತಿತ್ತು, ಏಕೆಂದರೆ ಉಳಿದದ್ದು ಆಗಲೇ ಕೂದಲು ಪಾಚಿಯಾಗಿ, ಅಂದರೆ ಕಲ್ಲುಗಳ ಮೇಲೆ ಎಳೆಎಳೆಯಾಗಿ ಹಬ್ಬುವ ಹಸಿರು ಪಾಚಿಯಾಗಿ, ಬೆಳೆದು ನಿಂತಿತ್ತು. ಕಿಟ್ಟು ಅಳೆಯುವುದು ನೀರಿನಲ್ಲಿ ಉಳಿದದ್ದನ್ನೇ ಹೊರತು ಪಾಚಿ ಉಂಡದ್ದನ್ನಲ್ಲ. ಪಾಚಿಯ ಇನ್ನೊಂದು ಆಹಾರವಾದ ಫಾಸ್ಫೇಟಿನ ವಿಷಯದಲ್ಲಿ ಈ ಮರೆಮಾಚುವಿಕೆ ಇಮ್ಮಡಿಯಾಗಿರುತ್ತದೆ: ಸುಣ್ಣದ ಅಂಶದ ಕಲ್ಲುಗಳು ಅದನ್ನು ಹಿಡಿದಿಟ್ಟುಕೊಂಡು, ನೀರಿನಲ್ಲಿ ಅದು ಕಡಿಮೆಯಾದಾಗ ಮೆಲ್ಲಗೆ ಮರಳಿ ಬಿಡುತ್ತವೆ, ಆದುದರಿಂದ ನೀರನ್ನು ಎಷ್ಟು ಬದಲಿಸಿದರೂ ಕಲ್ಲಿನಲ್ಲಿ ಕೂಡಿದ ಸಾಲ ತೀರಲು ತಿಂಗಳುಗಳು ಬೇಕು.

ಈ ಹಂತದಲ್ಲಿ ಅಂಗಡಿಯವರು ಮುಂದಿಡುವ ವಸ್ತುವೆಂದರೆ ಪಾಚಿನಾಶಕದ ಬಾಟಲಿ. ಒಂದು ಮುಚ್ಚಳ ಸುರಿದರೆ ಪಾಚಿ ಮಾಯವಾಗುತ್ತದೆಂದು ಅದರ ಮೇಲೆ ಬರೆದಿರುತ್ತದೆ. ಒಳಗೆ ಏನಿದೆ ಎಂಬುದನ್ನು ಮಾತ್ರ, ಲೇಖಕನು ಕೊಂಡ ಬಾಟಲಿಯ ಮೇಲೆ, ಎಲ್ಲಿಯೂ ಬರೆದಿರಲಿಲ್ಲ. ಸತ್ತ ಪಾಚಿ ಎಲ್ಲಿಗೆ ಹೋಗುತ್ತದೆ ಎಂಬ ಸರಳ ಪ್ರಶ್ನೆಯನ್ನು ಕೇಳಿದ ಯಾರೂ ಇದನ್ನು ಕೊಳ್ಳಲಾರರು. ಅದು ತೊಟ್ಟಿಯಲ್ಲಿಯೇ ಕೊಳೆಯುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ, ತಾನು ಉಂಡಿದ್ದ ನೈಟ್ರೇಟನ್ನೂ ಫಾಸ್ಫೇಟನ್ನೂ ಮರಳಿ ನೀರಿಗೇ ಕಕ್ಕುತ್ತದೆ, ಅದನ್ನು ಉಂಡು ಮುಂದಿನ ಪಾಚಿ ಮೊಳೆಯುತ್ತದೆ, ಅದಕ್ಕೆ ಮುಂದಿನ ಬಾಟಲಿ ಬೇಕಾಗುತ್ತದೆ. ರೋಗವನ್ನು ಉಳಿಸಿಕೊಂಡೇ ಮಾರಾಟವಾಗುವ ಔಷಧಿಯನ್ನು ಔಷಧಿಯೆಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ. ಪ್ರಶ್ನೆಯನ್ನು ತಡವಾಗಿ ಕೇಳಿಕೊಂಡ ಲೇಖಕನು ತಲಾ 1,800 ರೂಪಾಯಿಯಂತೆ ಮೂರು ಬಾಟಲಿಗಳನ್ನು ಕೊಂಡಿದ್ದನು. ಮೂರನೆಯದರ ವಾರದಲ್ಲಿಯೇ ಹವಳಗಳು ಮುದುಡಿ ಸತ್ತವು.

ಪುನರ್ನಿರ್ಮಾಣದ ಕ್ರಮ ಅಷ್ಟೇನೂ ಜಟಿಲವಲ್ಲ. ಹಳೆಯ ಕಲ್ಲುಗಳಲ್ಲಿ ಅರ್ಧವನ್ನು ಬ್ಲೀಚಿನಲ್ಲಿ ನೆನೆಸಿ, ತೊಳೆದು, ಬಿಸಿಲಿಗೆ ಒಣಗಿಸಲಾಯಿತು. ಕುದಿಸಿದರೆ ಬೇಗ ಮುಗಿಯುತ್ತದೆಂಬ ಸಲಹೆಯನ್ನು ಯಾರೂ ಪಾಲಿಸಬಾರದು, ಏಕೆಂದರೆ ಬಟನ್ ಪಾಲಿಪ್ ಎಂಬ ಗುಂಡಿಯಾಕಾರದ ಜೀವಿಗಳ ಕೆಲವು ಜಾತಿಗಳಲ್ಲಿರುವ ಪಾಲಿಟಾಕ್ಸಿನ್ ವಿಷವು ಆವಿಯೊಂದಿಗೆ ಮನೆಮಂದಿಯ ಶ್ವಾಸಕ್ಕೆ ಸೇರಬಲ್ಲದು. ಉಳಿದರ್ಧಕ್ಕೆ ಪಿಂಗಾಣಿಯ ಕೃತಕ ಕಲ್ಲನ್ನು ಕೊಳ್ಳಲಾಯಿತು. ಕಲ್ಲುಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಇರುವುದರಿಂದ, ನಮ್ಮ ಕಡಲಿನಿಂದ ಕಿತ್ತು ತಂದ ಹವಳವನ್ನೋ ಹವಳದ ಕಲ್ಲನ್ನೋ ಅಗ್ಗಕ್ಕೆ ಕೊಳ್ಳುವುದು ಉಳಿತಾಯವಲ್ಲ, ಅಪರಾಧ. ನಂತರ ತೊಟ್ಟಿಯನ್ನು ಆರು ವಾರ ಮೀನಿಲ್ಲದೆ ನಡೆಸಲಾಯಿತು. ವಿಷಕಾರಿ ಅಮೋನಿಯವನ್ನು ಮೊದಲು ನೈಟ್ರೈಟಾಗಿಯೂ ಬಳಿಕ ನೈಟ್ರೇಟಾಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಅಷ್ಟು ಕಾಲ ಬೇಕಾಯಿತು. ಈ ಇಡೀ ಕೆಲಸದಲ್ಲಿ ಬೆಲೆಯಿಲ್ಲದೆ ದೊರೆತದ್ದು ಆ ಕಾಯುವಿಕೆ ಒಂದೇ.

ಬೆಲೆ ತೆತ್ತವುಗಳ ಪಟ್ಟಿ ಹೀಗಿದೆ. ಪಾಚಿನಾಶಕಕ್ಕೆ 5,400 ರೂಪಾಯಿ, ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡಿನ ಹರಳಿಗೆ 2,200, ಸತ್ತ ಮೃದು ಹವಳಗಳಿಗೂ ಮೀನುಗಳಿಗೂ ಹಿಂದೆ ಕೊಟ್ಟಿದ್ದ ಬೆಲೆ 11,000, ಹೊಸ ಕಲ್ಲಿಗೆ 6,000, ಮರಳಿಗೆ 1,500, ತೊಟ್ಟಿಯನ್ನು ಮತ್ತೆ ತುಂಬಲು ಬೇಕಾದ 3.8 ಕೆ.ಜಿ. ಉಪ್ಪಿಗೆ 1,710. ಒಟ್ಟು 27,810 ರೂಪಾಯಿ. ಇದರಲ್ಲಿ 14,000ವನ್ನು ಕಳೆದು ನಿವ್ವಳ ನಷ್ಟವನ್ನು ಕಾಣಲು ಹೊರಡುವ ಓದುಗರು ಲೇಖಕನ ಮೊದಲ ತಪ್ಪನ್ನೇ ಮತ್ತೆ ಮಾಡುತ್ತಾರೆ, ಏಕೆಂದರೆ ಘಟಕವನ್ನು ಕೊನೆಗೂ ಅದೇ ಬೆಲೆಗೆ ಕೊಳ್ಳಲೇಬೇಕಾಯಿತು. ಎಂಟು ತಿಂಗಳು ಮುಂದೂಡಿದ್ದರಿಂದ ದೊರೆತದ್ದು 14,000 ರೂಪಾಯಿಗೆ ಶೇ. 7ರ ದರದಲ್ಲಿ 653 ರೂಪಾಯಿ ಬಡ್ಡಿ, ಮತ್ತು ಆ ಅವಧಿಯಲ್ಲಿ ಸವೆಯದೆ ಉಳಿದ ರೆಸಿನ್, ಫಿಲ್ಟರುಗಳ ಬಾಬ್ತು ಸುಮಾರು 2,000. ಅಂದರೆ 2,653 ರೂಪಾಯಿಯ ಲಾಭಕ್ಕಾಗಿ 27,810 ರೂಪಾಯಿಯನ್ನು ತೆತ್ತಂತಾಯಿತು.

ಬೇರೆ ದಾರಿಗಳ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರನ್ನು ಲೀಟರಿಗೆ 20 ರೂಪಾಯಿಯಂತೆ ಕೊಂಡರೆ ತಿಂಗಳ 85 ಲೀಟರಿಗೆ 1,700 ರೂಪಾಯಿಯಾಗಿ, ಒಂಬತ್ತನೆಯ ತಿಂಗಳಿನಲ್ಲಿ ಘಟಕದ ಬೆಲೆಯನ್ನು ಮೀರುತ್ತದೆ. ಸಿಹಿನೀರಿನ ಗಿಡಗಳ ತೊಟ್ಟಿ ಇದಕ್ಕಿಂತ ಬಹಳ ಅಗ್ಗ, ಮತ್ತು ಅಲ್ಲಿ ನೈಟ್ರೇಟ್ ಗಿಡಕ್ಕೆ ಆಹಾರ.

ಆದರೂ ಅಂಕಿಗಳು ತಾವಾಗಿ ಯಾರನ್ನೂ ಕಾಪಾಡುವುದಿಲ್ಲ, ಕಾಪಾಡುವುದು ರೂಢಿ. ಮೀನಿಗೆ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕುವುದು, ತೊಟ್ಟಿಯ ನೀರಿನ ಜೊತೆಗೆ ತೊಟ್ಟಿಗೆ ಹೋಗುವ ನೀರನ್ನೂ ಅಳೆದು ದಿನಾಂಕದೊಂದಿಗೆ ಬರೆದಿಡುವುದು, ಭಾನುವಾರ ಸುಮ್ಮನೆ ನೋಡಿ ಬರಲೆಂದು ಅಂಗಡಿಗೆ ಹೋಗದಿರುವುದು, ಇವು ಖರ್ಚಿಲ್ಲದ ಕ್ರಮಗಳು. ಘಟಕವು ಒಂದು ಲೀಟರ್ ಶುದ್ಧ ನೀರಿಗೆ ಸುಮಾರು ಮೂರು ಲೀಟರ್ ನೀರನ್ನು ಹೊರಹಾಕುತ್ತದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗಾಗಿ ಕಾದು ನಿಂತ ನಗರದಲ್ಲಿ ತಿಂಗಳಿಗೆ 255 ಲೀಟರನ್ನು ಮೋರಿಗೆ ಬಿಡುವುದು ಸಲ್ಲದು. ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಆ ನೀರು ಧಾರಾಳವಾಗಿ ಸಾಕು.

ಲೇಖಕನ ಹೊಸ ಅಂದಾಜು ಪಟ್ಟಿಯಲ್ಲಿ ನೀರು ಮೊದಲನೆಯ ಸಾಲಿನಲ್ಲಿದೆ. ಅದರ ಮುಂದೆ 14,000 ಎಂದಿದೆ. ಸೊನ್ನೆ ಈಗ ಟಿಡಿಎಸ್ ಮೀಟರಿನಲ್ಲಿದೆ.