ಗಾಡಿ ಮುಗ್ಗರಿಸಿದರೆ ಮೊದಲು ಮೀಟರ್ ಹಿಡಿಯಿರಿ

ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿ ಸುತ್ತಮುತ್ತ ಓಡುವ ಹಳೆಯ ಓಮ್ನಿ, ಆಲ್ಟೊ, ಸ್ಯಾಂಟ್ರೊಗಳು ಶೋಕಿಯ ಗಾಡಿಗಳಲ್ಲ. ಚಂದ್ರಿಕೆಯಿಂದ ಬಿಡಿಸಿದ ರೇಷ್ಮೆ ಗೂಡನ್ನು ಹರಾಜಿನ ಹೊತ್ತಿಗೆ ಶಿಡ್ಲಘಟ್ಟದ ಮಾರುಕಟ್ಟೆಗೆ ಮುಟ್ಟಿಸುವುದು, ಟೊಮೆಟೊ ಕ್ರೇಟು ಸಾಗಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಆಸ್ಪತ್ರೆಗೆ ಓಡುವುದು ಎಲ್ಲ ಇವುಗಳಲ್ಲೇ. ಇಂಥ ಗಾಡಿ ಆಕ್ಸಲರೇಟರ್ ಒತ್ತಿದಾಗ ಮುಗ್ಗರಿಸಿ ಆಮೇಲೆ ಎಳೆಯುತ್ತದೆ, ಕಾಲು ತೆಗೆದ ಕೂಡಲೇ ಆಫ್ ಆಗುತ್ತದೆ, ನಿಂತಲ್ಲೇ ಇಂಜಿನ್ ಏರಿಳಿಯುತ್ತದೆ ಎಂದರೆ ಸಿಗುವ ಮೊದಲ ಸಲಹೆ ‘ಥ್ರಾಟಲ್ ಸೆನ್ಸರ್ ಹೋಗಿದೆ, ಬದಲಾಯಿಸಿ’. ಹೋಗಿರಲೂಬಹುದು. ಆದರೆ ದೂಳು, ಇಲಿ, ವಾಟರ್ ಸರ್ವಿಸ್ ಮೂರನ್ನೂ ತಾಳಿಕೊಂಡ ಗಾಡಿಯಲ್ಲಿ ಎಷ್ಟೋ ಸಲ ಸೆನ್ಸರ್‌ಗಿಂತ ಮೊದಲು ಕೈಕೊಡುವುದು ಅದರ ವೈರು ಮತ್ತು ಕಪ್ಲರ್. ಅಳೆದು ನೋಡದೆ ಹೊಸದು ತಂದು ಹಾಕಿದರೆ ದುಡ್ಡೂ ಹೋಯಿತು, ಜರ್ಕೂ ಉಳಿಯಿತು. ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಸತ್ಯ ಮನೆಯಂಗಳದಲ್ಲೇ ಗೊತ್ತಾಗುತ್ತದೆ.

2000ನೇ ಇಸವಿಯಲ್ಲಿ ದೇಶದೆಲ್ಲೆಡೆ ಹೊಗೆ ನಿಯಮ ಬಿಗಿಯಾದ ಮೇಲೆ ಪೆಟ್ರೋಲ್ ಕಾರುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ ಬಂತು. ಅಲ್ಲಿಂದಾಚೆಗೆ ಪೆಟ್ರೋಲ್ ಎಷ್ಟು ಬಿಡಬೇಕೆಂದು ತೀರ್ಮಾನಿಸುವುದು ಇಸಿಯು ಎಂಬ ಕಂಪ್ಯೂಟರ್. ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಎಷ್ಟು ತೆರೆದಿದೆ ಎಂದು ಅದಕ್ಕೆ ತಿಳಿಸುವುದೇ ಈ ಸೆನ್ಸರ್. ಮೆಕ್ಯಾನಿಕ್‌ಗಳ ಬಾಯಲ್ಲಿ ಟಿಪಿಎಸ್, ಎಂದರೆ ಥ್ರಾಟಲ್ ಪೊಸಿಷನ್ ಸೆನ್ಸರ್. ಒಳಗಿನ ರಚನೆ ಹಳೆಯ ರೇಡಿಯೊದ ವಾಲ್ಯೂಮ್ ತಿರುಪಿನದೇ: ಕಾರ್ಬನ್ ಪಟ್ಟಿಯ ಮೇಲೆ ಜಾರುವ ಒಂದು ಸಣ್ಣ ಕಡ್ಡಿ. ಪಟ್ಟಿ ಸವೆದ ಜಾಗದಲ್ಲಿ ರೇಡಿಯೊ ಕರಕರ ಎನ್ನುತ್ತಿತ್ತು, ಇಲ್ಲಿ ಇಂಜಿನ್ ಮುಗ್ಗರಿಸುತ್ತದೆ. ಹಳ್ಳಿ ರಸ್ತೆಯಲ್ಲಿ ನಮ್ಮ ಕಾಲು ಹೆಚ್ಚಾಗಿ ಅರ್ಧಕ್ಕಿಂತ ಕಡಿಮೆ ಒತ್ತಿರುವುದರಿಂದ ಪಟ್ಟಿ ಸವೆಯುವುದೂ ಆ ಭಾಗದಲ್ಲೇ. ಪೂರ್ತಿ ಒತ್ತಿದಾಗ ಚೆನ್ನಾಗಿ ಎಳೆದು, ನಿಧಾನಕ್ಕೆ ಹೋಗುವಾಗ ಮಾತ್ರ ಎಳೆದಾಡಿದರೆ ಅನುಮಾನಕ್ಕೆ ಕಾರಣವಿದೆ.

ಆದರೂ ಇದೇ ಲಕ್ಷಣ ಬೇರೆ ಕಡೆಯಿಂದಲೂ ಬರುತ್ತದೆ. ಮಸಿ ಕಟ್ಟಿದ ಥ್ರಾಟಲ್ ಬಾಡಿ, ಐಡ್ಲಿಂಗ್ ವಾಲ್ವ್, ಸೀಳಿದ ವ್ಯಾಕ್ಯೂಮ್ ಪೈಪು, ಹಳೆಯ ಪ್ಲಗ್ಗು, ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಇವನ್ನೊಮ್ಮೆ ನೋಡಿಕೊಂಡೇ ಮುಂದುವರಿಯಿರಿ. ಚೆಕ್ ಇಂಜಿನ್ ದೀಪ ಉರಿಯುತ್ತಿದ್ದರೆ ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಕೋಡ್ ಓದಿಸಿ. ಪಿ0122 ಬಂದರೆ ಸಿಗ್ನಲ್ ಕಡಿಮೆ, ಪಿ0123 ಬಂದರೆ ಹೆಚ್ಚು ಎಂದು ಅರ್ಥ. ಎರಡೂ ದೂರುವುದು ಸೆನ್ಸರ್, ವೈರು, ಕಪ್ಲರ್ ಎಲ್ಲ ಸೇರಿದ ಸರ್ಕಿಟ್ಟನ್ನು, ಸೆನ್ಸರನ್ನು ಮಾತ್ರವಲ್ಲ. ಮೊಬೈಲಿಗೆ ಹೊಂದುವ ಅಗ್ಗದ ಸ್ಕ್ಯಾನರ್‌ಗೆ 2010ಕ್ಕಿಂತ ಹಿಂದಿನ ಎಷ್ಟೋ ಗಾಡಿಗಳು ಉತ್ತರವನ್ನೇ ಕೊಡುವುದಿಲ್ಲ.

ಅಳೆಯುವುದು ಹೀಗೆ

ಇಂಜಿನ್ ತಣ್ಣಗಿರಲಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಓಮ್ನಿಯಾದರೆ ಮುಂದಿನ ಸೀಟು ಎತ್ತಿ, ಬೇರೆ ಕಾರಾದರೆ ಬಾನೆಟ್ ತೆರೆದು ಏರ್ ಫಿಲ್ಟರ್‌ನಿಂದ ಬರುವ ದಪ್ಪ ಪೈಪು ಹಿಡಿದುಕೊಂಡೇ ಹೋಗಿ. ಆಕ್ಸಲರೇಟರ್ ಕೇಬಲ್ ಬಂದು ಸೇರುವ ಅಲ್ಯೂಮಿನಿಯಂ ಭಾಗವೇ ಥ್ರಾಟಲ್ ಬಾಡಿ. ಅದರ ಅಡ್ಡಕಡ್ಡಿಯ ತುದಿಯಲ್ಲಿ ಎರಡು ಸ್ಕ್ರೂಗಳಿಂದ ಕೂತ ಕಪ್ಪು ಪ್ಲಾಸ್ಟಿಕ್ ತುಂಡು, ಅದಕ್ಕೆ ಸಾಮಾನ್ಯವಾಗಿ ಮೂರು ವೈರು. ಅದೇ ಸೆನ್ಸರ್.

ಮೀಟರ್ ಹಿಡಿಯುವ ಮೊದಲು ಕಣ್ಣಲ್ಲಿ ನೋಡಿ. ಕಪ್ಲರ್ ಬಿಚ್ಚಿದಾಗ ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಮತ್ತೆ ಕೂರಿಸಿ. ವೈರನ್ನು ಬೆರಳಲ್ಲಿ ಹಿಡಿದು ಗೇಣುದ್ದ ಸವರುತ್ತಾ ಹೋಗಿ. ಹುಳು ಸಾಕುವ ಮನೆಯ ಪಕ್ಕ, ರಾಗಿ ಹುಲ್ಲಿನ ಬಣವೆಯ ಪಕ್ಕ ನಿಲ್ಲುವ ಗಾಡಿಗಳಲ್ಲಿ ಇಲಿ ಕಚ್ಚಿದ ಗುರುತು ಕೈಗೆ ಸಿಗುವುದು ಅಪರೂಪವೇನಲ್ಲ. ಕಚ್ಚಿದ ಕಡೆ ಬರೀ ಟೇಪು ಸುತ್ತಬೇಡಿ, ಬೆಸುಗೆ ಹಾಕಿಸಿ ಮೇಲೆ ಸ್ಲೀವ್ ಎಳೆಸಿ.

ಈಗ ಕಪ್ಲರ್ ಹಾಕಿಯೇ ಇಟ್ಟು, ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಆನ್ ಮಾಡಿ. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಲರ್‌ನ ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಅಳೆಯಿರಿ. ಪಿನ್ನುಗಳು ಒಂದಕ್ಕೊಂದು ತಗಲದಿರಲಿ. ವೈರಿನ ಸಿಪ್ಪೆ ಚುಚ್ಚಬೇಡಿ, ಆ ತೂತಿನಲ್ಲೇ ನೀರಿಳಿದು ನಾಳೆ ಇನ್ನೊಂದು ತೊಂದರೆ. ಒಂದು ವೈರಿನಲ್ಲಿ ಸುಮಾರು 5 ವೋಲ್ಟ್, ಒಂದು ಅರ್ತ್, ಇನ್ನೊಂದು ಸಿಗ್ನಲ್. ಆ 5 ವೋಲ್ಟೇ ಬರುತ್ತಿಲ್ಲ, ಇಲ್ಲವೇ ಅರ್ತ್ ಸಿಗುತ್ತಿಲ್ಲ ಎಂದರೆ ಇಲ್ಲಿಗೇ ನಿಲ್ಲಿಸಿ. ತೊಂದರೆ ವೈರಿಂಗ್‌ನಲ್ಲೋ ಇಸಿಯುನಲ್ಲೋ ಇದೆ, ಹೊಸ ಸೆನ್ಸರ್ ಏನೂ ಮಾಡಲಾರದು.

ಎರಡೂ ಸರಿಯಿದ್ದರೆ ಸಿಗ್ನಲ್ ವೈರು ಮತ್ತು ಅರ್ತ್ ನಡುವೆ ಅಳೆಯಿರಿ. ಪೆಡಲ್ ಮುಟ್ಟದಿದ್ದಾಗ ಬಹುತೇಕ ಗಾಡಿಗಳಲ್ಲಿ ಅರ್ಧದಿಂದ 1 ವೋಲ್ಟ್ ಒಳಗಿರುತ್ತದೆ. ಇನ್ನೊಬ್ಬರನ್ನು ಕೂರಿಸಿ ಪೆಡಲನ್ನು ತೀರಾ ನಿಧಾನವಾಗಿ ಒತ್ತಿಸಿ. ಅಂಕಿ ಒಂದೇ ಸಮನೆ ಏರುತ್ತಾ ಪೂರ್ತಿ ಒತ್ತಿದಾಗ 4 ವೋಲ್ಟ್ ಆಸುಪಾಸಿಗೆ ಬರಬೇಕು. ನಡುವೆ ಎಲ್ಲಾದರೂ ಸೊನ್ನೆಗೆ ಬಿದ್ದರೆ, ಹಾರಿದರೆ, ಸೆನ್ಸರ್ ಮುಗಿದಿದೆ. ಇಲ್ಲಿ ಮುಳ್ಳಿನ ಮೀಟರನ್ನೇ ನಾನು ಹೆಚ್ಚು ನಂಬುತ್ತೇನೆ. ಕ್ಷಣಮಾತ್ರದ ಕುಸಿತವನ್ನು ಡಿಜಿಟಲ್ ಅಂಕಿ ನುಂಗಿಬಿಡುತ್ತದೆ, ಮುಳ್ಳು ನಡುಗಿ ತೋರಿಸುತ್ತದೆ. ಏನೂ ಸಿಗದಿದ್ದರೆ ಸ್ಕ್ರೂಡ್ರೈವರ್ ಹಿಡಿಯಿಂದ ಸೆನ್ಸರನ್ನು ಮೆಲ್ಲಗೆ ತಟ್ಟುತ್ತಾ ನೋಡಿ. ಗಾಡಿ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಸಿಯಲ್ಲಿ ಮಾತ್ರ ಕೆಡುವ ಸೆನ್ಸರ್‌ಗಳೂ ಇವೆ.

ಕೊಳ್ಳುವಾಗ, ಹಾಕುವಾಗ

ಹಳೆಯದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಚಿಕ್ಕಬಳ್ಳಾಪುರ, ಚಿಂತಾಮಣಿಯಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ನೋಡಬೇಕಾದದ್ದು ಮೇಲೆ ಅಚ್ಚಾದ ಪಾರ್ಟ್ ನಂಬರ್, ಕಪ್ಲರ್ ಆಕಾರ, ತಿರುಗುವ ದಿಕ್ಕು. ನೋಡಲು ಒಂದೇ ತರಹ ಇದ್ದೂ ಉಲ್ಟಾ ತಿರುಗುವ ಸೆನ್ಸರ್‌ಗಳಿವೆ. ಗುಜರಿಯದು ಬೇಡ, ಅದರ ಪಟ್ಟಿಯೂ ಅಷ್ಟೇ ಸವೆದಿರುತ್ತದೆ.

ಬಿಚ್ಚುವ ಮೊದಲು ಬ್ಯಾಟರಿಯ ಮೈನಸ್ ತೆಗೆಯಿರಿ. ಸೆನ್ಸರಿನ ಸ್ಕ್ರೂ ತೂತುಗಳು ಉದ್ದನೆಯವಾಗಿದ್ದರೆ ಅದು ಕೂತ ಜಾಗವನ್ನು ಮಾರ್ಕರ್‌ನಿಂದ ಗೆರೆ ಎಳೆದು ಗುರುತಿಸಿ. ಸ್ಕ್ರೂಗಳು ವರ್ಷಗಟ್ಟಲೆ ಕೂತು ಅಂಟಿಕೊಂಡಿರುತ್ತವೆ. ತುಕ್ಕು ಬಿಡಿಸುವ ಎಣ್ಣೆ ಹಾಕಿ ಸ್ವಲ್ಪ ಹೊತ್ತು ಬಿಡಿ, ತಲೆಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಇಟ್ಟು ಒಂದು ಸಣ್ಣ ಪೆಟ್ಟು ಕೊಟ್ಟು ತಿರುಗಿಸಿ. ತಲೆ ಸವೆಸಿಕೊಂಡರೆ ಅರ್ಧ ಗಂಟೆಯ ಕೆಲಸ ಅರ್ಧ ದಿನಕ್ಕೆ ಹೋಗುತ್ತದೆ.

ಹೊಸದನ್ನು ಅಡ್ಡಕಡ್ಡಿಯ ತುದಿಗೆ ಕೂರಿಸುವಾಗ ತೂತಿಗೆ ತೂತು ನೇರ ಸೇರುವುದಿಲ್ಲ. ಸ್ವಲ್ಪ ತಿರುಗಿಸಿ ಒಳಗಿಟ್ಟು, ಸ್ಪ್ರಿಂಗಿಗೆ ಎದುರಾಗಿ ತಿರುವಿ ತೂತು ಕೂಡಿಸಬೇಕು. ಬಲ ಹಾಕಿ ಒತ್ತಿದರೆ ಒಳಗಿನ ನಾಲಿಗೆ ಮುರಿಯುತ್ತದೆ. ಸ್ಕ್ರೂಗಳನ್ನು ಸಡಿಲವಾಗಿಟ್ಟು, ಕಪ್ಲರ್ ಮತ್ತು ಬ್ಯಾಟರಿ ಜೋಡಿಸಿ, ಕೀಲಿ ಆನ್ ಮಾಡಿ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿ ಹೇಳಿದ ವೋಲ್ಟ್ ಬರುವವರೆಗೆ ಸರಿಸಿ ಬಿಗಿ ಮಾಡಿ. ತೂತುಗಳು ದುಂಡಗಿದ್ದರೆ ಸರಿಸುವುದೇನೂ ಇಲ್ಲ. ಥ್ರಾಟಲ್ ತಡೆಯುವ ಸಣ್ಣ ಸ್ಕ್ರೂ ಪಕ್ಕದಲ್ಲೇ ಕಾಣುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ.

ಆಮೇಲೆ ಆಕ್ಸಲರೇಟರ್ ಒತ್ತದೆ ಸ್ಟಾರ್ಟ್ ಮಾಡಿ, ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಹಾಗೇ ಐಡ್ಲಿಂಗ್‌ನಲ್ಲಿ ಬಿಡಿ. ಮೊದಲ ಕೆಲವು ಕಿಲೋಮೀಟರ್ ಇಂಜಿನ್ ಸ್ವಲ್ಪ ತಡವರಿಸಬಹುದು, ಹಳೆಯ ಲೆಕ್ಕ ಬಿಟ್ಟು ಇಸಿಯು ಹೊಸದಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಮುಂದೆ ವಾಟರ್ ಸರ್ವಿಸ್‌ಗೆ ಬಿಟ್ಟಾಗ ಸೆನ್ಸರ್ ಮೇಲೆ ಪ್ಲಾಸ್ಟಿಕ್ ಕವರ್ ಕಟ್ಟಿಸಿ. ಥ್ರಾಟಲ್ ಬಾಡಿ ತೊಳೆಯುವಾಗ ಕ್ಲೀನರನ್ನು ಬಟ್ಟೆಗೆ ಹೊಡೆದು ಒರೆಸಿ, ಸೆನ್ಸರ್ ಕಡೆಗೆ ನೇರ ಹೊಡೆಯಬೇಡಿ.

ಇಷ್ಟೆಲ್ಲ ಹೇಳಿದ್ದು ಕೇಬಲ್‌ನಿಂದ ನಡೆಯುವ ಥ್ರಾಟಲ್‌ಗೆ ಮಾತ್ರ. ಕೇಬಲ್ ಇಲ್ಲದೆ ಮೋಟಾರಿನಿಂದ ತೆರೆದುಕೊಳ್ಳುವ ಥ್ರಾಟಲ್ ಇರುವ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಸೆನ್ಸರ್ ಬಾಡಿಯೊಳಗೇ ಸೇರಿರುತ್ತದೆ. ಕೀಲಿ ಆನ್ ಇದ್ದಾಗ ಅದರೊಳಗೆ ಬೆರಳು ಹಾಕಬೇಡಿ. ಬದಲಾಯಿಸಿದ ಮೇಲೆ ಸ್ಕ್ಯಾನರ್‌ನಿಂದ ಹೊಂದಿಸಬೇಕಾಗುವುದರಿಂದ ಅದು ಗ್ಯಾರೇಜಿನ ಕೆಲಸವೇ.

ಕೇಬಲ್ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಒಂದು ಉಪಾಯವಿದೆ. ಕೀಲಿ ಆಫ್ ಮಾಡಿ ಸೆನ್ಸರಿನ ಕಪ್ಲರ್ ಬಿಚ್ಚಿಬಿಡಿ. ಸುಳ್ಳು ಸಿಗ್ನಲ್ ನಿಂತಾಗ ಎಷ್ಟೋ ಗಾಡಿಗಳ ಇಸಿಯು ತನ್ನಲ್ಲೇ ಇರುವ ಅಂದಾಜು ಬಳಸಿ ಇಂಜಿನ್ ನಡೆಸುತ್ತದೆ. ದೀಪ ಉರಿಯುತ್ತದೆ, ಪಿಕಪ್ ಇರುವುದಿಲ್ಲ, ಆದರೂ ಹತ್ತಿರದ ಗ್ಯಾರೇಜಿಗೆ ನಿಧಾನವಾಗಿ ತಲುಪಬಹುದು. ಹಾಗೆ ಹೋಗುವಾಗ ಚಿಕ್ಕಬಳ್ಳಾಪುರದ ಹೈದರಾಬಾದ್ ಹೆದ್ದಾರಿಗೆ ಹತ್ತಬೇಡಿ, ಒಳರಸ್ತೆಯಲ್ಲೂ ಲಾರಿಯನ್ನು ಹಿಂದಿಕ್ಕಲು ಹೋಗಬೇಡಿ.