ಟ್ರ್ಯಾಕ್ಟರ್ ಎಂಜಿನ್ನಿನಲ್ಲಿ ಹೊಗೆಯ ಮರುಬಳಕೆ ಮತ್ತು ಅದರ ಹತೋಟಿ

ಎಂಜಿನ್ ಹೊರಬಿಡುವ ಹೊಗೆಯ ಒಂದು ಪಾಲನ್ನು ತಣಿಸಿ ಮತ್ತೆ ಸಿಲಿಂಡರಿಗೆ ಕಳುಹಿಸುವ ಏರ್ಪಾಡು ಇಂದಿನ ಹಲವು ದೊಡ್ಡ ಟ್ರ್ಯಾಕ್ಟರುಗಳಲ್ಲಿದೆ. ಭಾರತದಲ್ಲಿ 50 ಅಶ್ವಶಕ್ತಿಗೆ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ ‘ಟ್ರೆಮ್ 4’ ಹೊಗೆ ನಿಯಮವು 2023ರ ಜನವರಿ 1ರಿಂದ ಜಾರಿಗೆ ಬಂದಿತು. ಹೊಗೆ ಒಳಹೊಕ್ಕರೆ ಎಂಜಿನ್ ಕೆಡುವುದೆಂಬ ಶಂಕೆಯಿಂದ ಈ ದಾರಿಗೆ ತಗಡು ಹಾಕಿ ಮುಚ್ಚಿಸುವುದುಂಟು. ಇದು ಸರಿಯಾದ ಕ್ರಮವಲ್ಲ.

ಉದ್ದೇಶ

ಗಾಳಿಯಲ್ಲಿ ಸುಮಾರು ಶೇ. 78 ಸಾರಜನಕ, ಶೇ. 21 ಆಮ್ಲಜನಕ ಇರುತ್ತವೆ. ಸಿಲಿಂಡರಿನ ಅತಿ ಶಾಖದಲ್ಲಿ ಇವೆರಡೂ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಶ್ವಾಸಕೋಶಕ್ಕೆ ಹಾನಿಕರ. ಅಲ್ಲದೆ ಬಿಸಿಲಿನಲ್ಲಿ ಓಜೋನ್ ಉಂಟಾಗಲು ಕಾರಣವಾಗಿ ಬೆಳೆಗಳ ಎಲೆಗಳನ್ನೂ ಕೆಡಿಸುತ್ತವೆ. ಒಳಬರುವ ಗಾಳಿಗೆ ಹೊಗೆ ಬೆರೆತಾಗ ಆಮ್ಲಜನಕದ ಪ್ರಮಾಣ ಇಳಿದು, ಉರಿಯ ಶಾಖ ತಗ್ಗಿ, ಈ ಆಕ್ಸೈಡುಗಳು ಕಡಿಮೆಯಾಗುತ್ತವೆ.

ಹತೋಟಿ

ಬೆರೆಯುವ ಹೊಗೆ ಮಿತಿಮೀರಿದರೆ ಡೀಸೆಲ್ ಪೂರ್ತಿ ಉರಿಯದೆ ಮಸಿ ಹೆಚ್ಚುತ್ತದೆ. ಸಾಲದಾದರೆ ಆಕ್ಸೈಡುಗಳು ಹೆಚ್ಚುತ್ತವೆ. ಆದುದರಿಂದ ಎಂಜಿನ್ನಿನ ವೇಗ, ಹೊರೆ, ಶಾಖಗಳನ್ನು ಅಳೆದು ಎಲೆಕ್ಟ್ರಾನಿಕ್ ನಿಯಂತ್ರಕವು ಕವಾಟವನ್ನು ತೆರೆದು ಮುಚ್ಚುತ್ತದೆ. ಎಂಜಿನ್ ತಣ್ಣಗಿರುವಾಗಲೂ, ಆಳ ಉಳುಮೆಯಂತಹ ಭಾರಿ ಹೊರೆಯಲ್ಲೂ ಕವಾಟವು ಸಾಮಾನ್ಯವಾಗಿ ಕಡಿಮೆ ತೆರೆದಿರುತ್ತದೆ ಅಥವಾ ಮುಚ್ಚಿರುತ್ತದೆ. ಹೀಗಿರುವಾಗ ತಗಡು ಹಾಕಿದರೆ ಎಳೆಯುವ ಶಕ್ತಿ ಹೆಚ್ಚುವುದೆಂಬ ನಿರೀಕ್ಷೆ ಹುಸಿ. ಬದಲಾಗಿ ಎಚ್ಚರಿಕೆಯ ದೀಪ ಹತ್ತಿ, ನಿಯಂತ್ರಕವೇ ಶಕ್ತಿಯನ್ನು ತಗ್ಗಿಸಬಹುದು.

ದೋಷದ ಲಕ್ಷಣಗಳು

ಮಸಿ ಕಟ್ಟಿ ಕವಾಟ ತೆರೆದೇ ನಿಂತರೆ ಕಪ್ಪು ಹೊಗೆ, ಶಕ್ತಿಯ ಕುಂದು, ನಿಂತಲ್ಲಿ ಎಂಜಿನ್ ತಡವರಿಸುವುದು ಕಾಣುತ್ತವೆ. ಮುಚ್ಚಿಯೇ ನಿಂತರೆ ಕಣ್ಣಿಗೆ ಏನೂ ಕಾಣದಿರಬಹುದು. ಆದರೆ ಆಕ್ಸೈಡುಗಳು ಹೆಚ್ಚುತ್ತವೆ. ಹೊರಗೆ ಸೋರಿಕೆಯಿಲ್ಲದೆ ರೇಡಿಯೇಟರ್ ನೀರು ಇಳಿಯುತ್ತಿದ್ದರೆ ಹೊಗೆ ತಣಿಸುವ ಭಾಗವನ್ನೂ ಪರೀಕ್ಷಿಸಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

1. ಕಪ್ಪು ಹೊಗೆ ಕಂಡೊಡನೆ ಕವಾಟವನ್ನೇ ದೂರದೆ, ಮೊದಲು ಗಾಳಿ ಶೋಧಕವನ್ನು ನೋಡಬೇಕು. ಧೂಳು ಕಟ್ಟಿದ ಶೋಧಕವೂ ಇದೇ ಲಕ್ಷಣ ತೋರುತ್ತದೆ.
2. ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ಎಣ್ಣೆಯನ್ನೇ ಹಾಕಿ, ಸಕಾಲಕ್ಕೆ ಬದಲಿಸಬೇಕು.
3. ಕೆಲಸವಿಲ್ಲದಾಗ ಎಂಜಿನ್ನನ್ನು ಬಹಳ ಹೊತ್ತು ಓಡಿಸಬಾರದು. ಇದರಿಂದ ಮಸಿ ಕಟ್ಟುತ್ತದೆ.
4. ಕಲಬೆರಕೆ ಡೀಸೆಲ್ ಬಳಸಬಾರದು.
5. ಕವಾಟವನ್ನು ಕೈಪಿಡಿಯ ಅವಧಿಗನುಸಾರ ನುರಿತ ಕೆಲಸಗಾರರಿಂದ ಶುಚಿ ಮಾಡಿಸಬೇಕು.

ಶುಚಿ ಮಾಡಿದರೂ ಸರಾಗವಾಗಿ ಚಲಿಸದ ಕವಾಟವನ್ನು ಬದಲಿಸುವುದೇ ಲೇಸು. ಟ್ರ್ಯಾಕ್ಟರಿನ ಹಿಂದೆ ದುಡಿಯುವವರು ಉಸಿರಾಡುವುದೂ ಇದೇ ಗಾಳಿಯನ್ನೇ ಎಂಬುದನ್ನು ಮರೆಯಬಾರದು.