ಭತ್ತದ ಗದ್ದೆಗೆ ತಿಪ್ಪೆಯ ಲೆಕ್ಕ ಮೊದಲು, ಚೀಲದ ಲೆಕ್ಕ ಆಮೇಲೆ

ಹೇಮಾವತಿ ನಾಲೆಯ ನೀರುಣ್ಣುವ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗದ್ದೆಗಳಿಗೆ ಕೊಟ್ಟಿಗೆ ಗೊಬ್ಬರ ಹೊಡೆಯುವವರು ಈಗಲೂ ಇದ್ದಾರೆ. ಆದರೆ ಅಷ್ಟಕ್ಕೆ ಸರಿಯಾಗಿ ಯೂರಿಯಾ ತಗ್ಗಿಸುವವರು ಕಡಿಮೆ. ಸಾರಜನಕ ಮಿತಿಮೀರಿದ ಪೈರು ಕಡುಹಸಿರಾಗಿ ಕಣ್ಣಿಗೆ ಚೆಂದ. ಬೆಂಕಿರೋಗ ತಗಲುವುದೂ, ತೆನೆ ಬಲಿಯುವಾಗ ನೆಲಕ್ಕೊರಗುವುದೂ ಅದೇ.

ಮೊದಲು ಮಣ್ಣು ಪರೀಕ್ಷೆ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಎಂಟು-ಹತ್ತು ಕಡೆ ಗೇಣುದ್ದ ಅಗೆದು, ತೆಗೆದ ಮಣ್ಣು ಬೆರೆಸಿ, ಅರ್ಧ ಕಿಲೋ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಹಾಸನ ಸಮೀಪದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡಿ.

ಮುಂಗಾರಿನ ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕಾಗಿ ಎಕರೆಗೆ 10–12 ಕಿಲೋ ಡಯಂಚ ಬೀಜ ಚೆಲ್ಲಿ. ಸುಮಾರು 45 ದಿನಕ್ಕೆ, ಹೂ ಕಾಣುವ ಹೊತ್ತಿಗೆ ಮಣ್ಣಿಗೆ ಸೇರಿಸಿ ಉತ್ತು, ನಾಟಿಗೆ ಮುನ್ನ ಹತ್ತು ದಿನ ಕೊಳೆಯಲು ಬಿಡಿ. ನಾಲೆ ನೀರು ತಡವಾದರೆ ಕಾಯಬೇಡಿ, ಮಳೆಯ ಹದದಲ್ಲೇ ಉತ್ತುಬಿಡಿ. ಹೂ ದಾಟಿದ ಕಾಂಡ ಕಟ್ಟಿಗೆಯಾಗುತ್ತದೆ, ಬೇಗ ಕೊಳೆಯುವುದಿಲ್ಲ.

ಇನ್ನು ಲೆಕ್ಕ. ನೀರಾವರಿ ಭತ್ತಕ್ಕೆ ಎಕರೆಗೆ ಶಿಫಾರಸು 40 ಕಿಲೋ ಸಾರಜನಕ, 20 ರಂಜಕ, 20 ಪೊಟ್ಯಾಷ್. ಅಂದರೆ ಯೂರಿಯಾ 87 ಕಿಲೋ, ಸೂಪರ್ ಫಾಸ್ಫೇಟ್ 125, ಮ್ಯೂರಿಯೇಟ್ ಆಫ್ ಪೊಟ್ಯಾಷ್ 33. ಡಯಂಚ ಚೆನ್ನಾಗಿ ಬಂದು, ಕಳಿತ ಗೊಬ್ಬರವೂ ಬಿದ್ದಿದ್ದರೆ ಸಾರಜನಕದಲ್ಲಿ ಕಾಲು ಭಾಗ ಕಳೆಯಿರಿ: ಯೂರಿಯಾ 65 ಕಿಲೋ, ಒಂದೂವರೆ ಚೀಲಕ್ಕೂ ಚೂರು ಕಡಿಮೆ. ಮೊದಲ ವರ್ಷ ಇದಕ್ಕಿಂತ ಹೆಚ್ಚು ಕಳೆಯುವುದು ಬೇಡ, ತಿಪ್ಪೆ ಗೊಬ್ಬರದ ಸತ್ವ ನಿಧಾನವಾಗಿ ಬಿಡುತ್ತದೆ. ಸೂಪರ್ ಬದಲು ಡಿಎಪಿ ಹಾಕುವವರು ಅದರಲ್ಲಿರುವ ಸಾರಜನಕವನ್ನೂ ಕಳೆಯಬೇಕು. 43 ಕಿಲೋ ಡಿಎಪಿಗೆ ಯೂರಿಯಾ ಇನ್ನೂ 17 ಕಿಲೋ ಇಳಿಯುತ್ತದೆ.

ಯೂರಿಯಾದ ಅರ್ಧವನ್ನು ನಾಟಿಗೆ, ಉಳಿದದ್ದನ್ನು ತೆಂಡೆ ಒಡೆಯುವಾಗ ಮತ್ತು ತೆನೆ ಹುಟ್ಟುವಾಗ ಸಮನಾಗಿ ಕೊಡಿ. ನೀರು ಬಸಿದು ಎರಚಿ, ಮರುದಿನ ಕಟ್ಟಿ. ಮಣ್ಣಿನಲ್ಲಿ ಸತು ಕಡಿಮೆಯಿದ್ದರೆ ಎಕರೆಗೆ 8 ಕಿಲೋ ಸತುವಿನ ಸಲ್ಫೇಟ್ ಬೇಕು, ಆದರೆ ರಂಜಕದ ಗೊಬ್ಬರದ ಜತೆ ಬೆರೆಸಬಾರದು.

ನಮ್ಮಲ್ಲಿ ಹೆಚ್ಚು ಸೋರುವುದು ಪೊಟ್ಯಾಷ್. ಭತ್ತ ಹೀರಿದ ಪೊಟ್ಯಾಷ್‌ನ ಬಹುಪಾಲು ಹುಲ್ಲಿನಲ್ಲೇ ಉಳಿಯುತ್ತದೆ. ಆ ಹುಲ್ಲು ಹಾಲಿನ ಹಸುವಿಗೆ ಹೋಗಿ, ಗಂಜಲವಾಗಿ ಚರಂಡಿ ಸೇರುತ್ತದೆ. ಕೊಟ್ಟಿಗೆಯಲ್ಲಿ ಒಣಮಣ್ಣು, ತರಗು ಹಾಸಿ ಗಂಜಲ ಹೀರಿಸಿ, ತಿಪ್ಪೆಗೆ ಹಾಕಿ, ಬಿಸಿಲು ಮಳೆ ಬಡಿಯದಂತೆ ಮುಚ್ಚಿ.

ಕೊಯ್ಲಾದ ಮೇಲೆ ಗದ್ದೆ ಬೀಳು ಬಿಡುವ ಬದಲು ಉಳಿದ ತೇವಕ್ಕೆ ಹೆಸರು, ಉದ್ದು ಅಥವಾ ಅಲಸಂದೆ ಬಿತ್ತಿ, ಕಾಯಿ ಬಿಡಿಸಿಕೊಂಡು ಗಿಡವನ್ನು ಅಲ್ಲೇ ಉತ್ತುಬಿಡಿ. ಬೀಜಕ್ಕೆ ರೈಜೋಬಿಯಂ ಲೇಪಿಸಿದರೆ ನೆರಳಲ್ಲಿ ಆರಿಸಿ, ಅಂದೇ ಬಿತ್ತಿ.